ಸಿಜೇರಿಯನ್ ಹೊಲಿಗೆ ಮಾಯದಿದ್ದಾಗ: ಜೈವಿಕ ಡ್ರೆಸ್ಸಿಂಗ್ ಯಾವಾಗ, ಯಾವುದು, ಹೇಗೆ

ಸಿಜೇರಿಯನ್ ಆಗಿ ಮೂರು ವಾರ ಕಳೆದರೂ ಹೊಲಿಗೆಯ ಒಂದು ಮೂಲೆ ಒಣಗುತ್ತಿಲ್ಲ. ಪಟ್ಟಿ ಬಿಚ್ಚಿದಾಗಲೆಲ್ಲ ಒದ್ದೆ. ಮನೆಯಲ್ಲಿ ಒಬ್ಬರು ಬದನೆಕಾಯಿ ತಿಂದು ನಂಜಾಯಿತು ಅಂತಾರೆ. ಇನ್ನೊಬ್ಬರು ಅರಿಶಿನ ಹಚ್ಚು ಅಂತಾರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ "ಕೊಲಾಜನ್ ಶೀಟ್ ಹಾಕಿಸಿ, ಬೇಗ ಮಾಯುತ್ತೆ" ಅಂತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂಥ ಬಾಣಂತಿಯರು ತುಂಬಾ ಜನ ಇದ್ದಾರೆ. ಅವರಿಗೆ, ಅವರ ಬಾಣಂತನ ಮಾಡುವ ಅವ್ವನಿಗೆ, ಅತ್ತೆಗೆ, ಗಂಡನಿಗೆ ಅಂತಲೇ ಇದನ್ನು ಬರೆದಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊಲಾಜನ್ ಶೀಟಿನಂಥ, ಜೀವಿಗಳಿಂದ ಬಂದ ವಸ್ತುವಿನ ಪಟ್ಟಿಗೆ ಜೈವಿಕ ಡ್ರೆಸ್ಸಿಂಗ್ ಅಂತಾರೆ. ಅದು ಒಳ್ಳೆಯ ವಸ್ತು, ಆದರೆ ಮೊದಲ ಹೆಜ್ಜೆ ಅಲ್ಲ. ಗಂಗಾವತಿ, ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗದ್ದೆ ಹದ ಆಗದೆ ನಾಟಿ ಮಾಡಿದರೆ ಸಸಿ ಹಿಡಿಯುವುದಿಲ್ಲ. ಗಾಯದೊಳಗೆ ಕೀವು, ಸತ್ತ ಮಾಂಸ ಇಟ್ಟುಕೊಂಡು ಮೇಲೆ ಎಷ್ಟು ದುಬಾರಿ ಹಾಳೆ ಹೊದಿಸಿದರೂ ದುಡ್ಡು ಹೋಗುತ್ತೆ, ಗಾಯ ಹಾಗೇ ಉಳಿಯುತ್ತೆ.

ಹೆಜ್ಜೆ 1: ಬರೀ ತಡವೋ, ಅಪಾಯವೋ ನೋಡಿಕೊಳ್ಳಿ

ಸಿಜೇರಿಯನ್ ಗಾಯದ ಮೇಲ್ಚರ್ಮ ಸಾಮಾನ್ಯವಾಗಿ ಎರಡು ದಿನದಲ್ಲಿ ಅಂಟಿಕೊಳ್ಳುತ್ತದೆ. ಬಿಚ್ಚುವ ಹೊಲಿಗೆ ಹಾಕಿದ್ದರೆ ಏಳರಿಂದ ಹತ್ತು ದಿನದೊಳಗೆ ತೆಗೆಯುತ್ತಾರೆ. ಒಳಗಿನ ಪದರಗಳು ಗಟ್ಟಿಯಾಗಲು ಆರು ವಾರ ಬೇಕು, ಪೂರ್ತಿ ಬಲ ಬರಲು ತಿಂಗಳುಗಳೇ ಬೇಕು. ಹೊಲಿಗೆಯ ಸುತ್ತ ಜೋಮು ಹಿಡಿದಂತಿರುವುದು, ನವೆ ಆಗುವುದು ಮಾಮೂಲು. ಚರ್ಮದ ಸಣ್ಣ ನರಗಳು ಕತ್ತರಿಸಿರುತ್ತವಲ್ಲ, ಅದಕ್ಕೆ. ಸೋಂಕು ತಗುಲಿದ್ದರೆ ಹೆಚ್ಚಾಗಿ ನಾಲ್ಕರಿಂದ ಹತ್ತನೇ ದಿನದೊಳಗೆ ಗೊತ್ತಾಗುತ್ತದೆ. ಆದರೆ ಮೂವತ್ತು ದಿನದವರೆಗೂ ಎಚ್ಚರ ಬೇಕು.

ಕೆಲವು ಲಕ್ಷಣ ಕಂಡರೆ ಡ್ರೆಸ್ಸಿಂಗ್ ಬಗ್ಗೆ ಯೋಚನೆ ಮಾಡುತ್ತಾ ಕೂರಬೇಡಿ, ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ 100.4 ಡಿಗ್ರಿ ದಾಟುವುದು. ಗಾಯದ ಸುತ್ತ ಕೆಂಪು ಗಂಟೆಗಂಟೆಗೂ ಹರಡುವುದು. ಚರ್ಮ ನೀಲಿ ಅಥವಾ ಕಪ್ಪಾಗುವುದು, ಗುಳ್ಳೆ ಏಳುವುದು. ಕಣ್ಣಿಗೆ ಕಾಣುವ ಗಾಯ ಸಣ್ಣದಿದ್ದರೂ ತಡೆಯಲಾರದಷ್ಟು ನೋವು. ಕೆಳಗಿನಿಂದ ಹೋಗುವ ರಕ್ತಸ್ರಾವಕ್ಕೆ ಕೆಟ್ಟ ವಾಸನೆ. ಇನ್ನೊಂದು ಲಕ್ಷಣವನ್ನು ಬಹಳ ಜನ ಕಡೆಗಣಿಸುತ್ತಾರೆ: ಚೆನ್ನಾಗಿದ್ದ ಗಾಯದಿಂದ ತಿಳಿಗೆಂಪು ನೀರು ಇದ್ದಕ್ಕಿದ್ದಂತೆ ಸೀರೆ ತೋಯುವಷ್ಟು ಬರುವುದು. ಒಳಗಿನ ಗಟ್ಟಿ ಪದರ ಬಿಟ್ಟುಕೊಂಡಿರುವ ಸೂಚನೆ ಅದು. ಕರುಳು ಕಂಡರಂತೂ ಒಳಗೆ ತಳ್ಳಬಾರದು. ಸಲೈನ್‌ನಲ್ಲಿ (ಆಸ್ಪತ್ರೆಯ ಶುದ್ಧ ಉಪ್ಪುನೀರು) ನೆನೆಸಿದ ಶುದ್ಧ ಬಟ್ಟೆ ಹೊದಿಸಿ, ಮೊಣಕಾಲು ಮಡಚಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಕೊಡಬೇಡಿ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆಗ ಪ್ರಶ್ನೆ ಎದ್ದಿದ್ದು ನರಕ್ಕೆ ಹಾಕುವ ಐವಿ ದ್ರಾವಣದ ಗುಣಮಟ್ಟದ ಬಗ್ಗೆ. ಆ ದುಃಖ, ಆ ಭಯ ಎರಡೂ ನ್ಯಾಯವಾದವೇ. ಆದರೆ ಆ ಭಯದಿಂದ ಸೋಂಕಾದ ಗಾಯವನ್ನು ಮನೆಯಲ್ಲೇ ಇಟ್ಟುಕೊಂಡು ಕೂತರೆ ಇನ್ನೊಂದು ಜೀವಕ್ಕೆ ಕುತ್ತು. ಆಸ್ಪತ್ರೆಯಲ್ಲಿ ಏನು ಕೊಡುತ್ತಿದ್ದಾರೆ, ಯಾಕೆ ಕೊಡುತ್ತಿದ್ದಾರೆ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಹೋಗದೆ ಮಾತ್ರ ಇರಬೇಡಿ.

ಹೆಜ್ಜೆ 2: ಯಾಕೆ ಮಾಯುತ್ತಿಲ್ಲ ಅಂತ ಹುಡುಕಿಸಿ

ಈ ಹೆಜ್ಜೆಯನ್ನೇ ಎಲ್ಲರೂ ಹಾರಿಸಿಬಿಡುತ್ತಾರೆ. ಮಾಯದ ಗಾಯಕ್ಕೆ ಕಾರಣ ಇದ್ದೇ ಇರುತ್ತದೆ.

ಮೊದಲು ರಕ್ತ. ಹಿಮೋಗ್ಲೋಬಿನ್ ತುಂಬಾ ಕಡಿಮೆ ಇದ್ದರೆ ಗಾಯಕ್ಕೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ನಮ್ಮ ಕಡೆ ಹೆರಿಗೆಗೆ ಬರುವಾಗಲೇ ರಕ್ತ ಕಡಿಮೆ ಇರುವವರು ಜಾಸ್ತಿ, ಆಪರೇಷನ್‌ನಲ್ಲಿ ಇನ್ನಷ್ಟು ಹೋಗಿರುತ್ತದೆ. ಎರಡನೆಯದು ಸಕ್ಕರೆ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು "ಹೆರಿಗೆ ಆಯ್ತಲ್ಲ, ಹೋಯ್ತು" ಅಂತ ಸುಮ್ನೆ ಇರಬಾರದು. ಗಾಯ ತಡವಾದರೆ ಮತ್ತೆ ಪರೀಕ್ಷೆ ಮಾಡಿಸಿ. ಮೂರನೆಯದು ಹೊಟ್ಟೆಯ ಮಡಿಕೆ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದವರಿಗೆ ಹೊಲಿಗೆ ಮಡಿಕೆಯೊಳಗೆ ಸೇರಿ ದಿನವಿಡೀ ಬೆವರಿನಲ್ಲಿ ನೆನೆಯುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಇದೇ ದೊಡ್ಡ ತೊಂದರೆ.

ತಂಬಾಕು ಹಾಕುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಎಲೆ ಅಡಿಕೆ ಜೊತೆಗಿನ ಎಸಳು ತಂಬಾಕೂ ಲೆಕ್ಕಕ್ಕೆ ಬರುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ.

ಇನ್ನು ಗಾಯದೊಳಗಿನ ಕಾರಣಗಳು. ಕೀವಿನ ಕಲ್ಚರ್ ಪರೀಕ್ಷೆ (ಯಾವ ರೋಗಾಣು, ಅದು ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡುವುದು) ಮಾಡಿಸದೆ ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ನುಂಗಿಸುವುದು ಕುರುಡು ಚಿಕಿತ್ಸೆ. ಕರಗದ ದಾರದ ಗಂಟು ಒಳಗೆ ಉಳಿದಿದ್ದರೆ ಸಣ್ಣ ತೂತಿನಿಂದ ಕೀವು ಜಿನುಗುತ್ತಲೇ ಇರುತ್ತದೆ. ಆ ಗಂಟು ತೆಗೆದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಗಾಯ ಪೂರ್ತಿ ಮಾಯ್ದು, ಮೂರು ನಾಲ್ಕು ವಾರವಾದ ಮೇಲೆ ಹೊಲಿಗೆಯ ಗುಂಟ ಸಣ್ಣ ಗಂಟುಗಳೆದ್ದು ಒಡೆಯುತ್ತಿದ್ದರೆ, ಮಾಮೂಲಿ ಔಷಧಿಗೆ ಬಗ್ಗದಿದ್ದರೆ, ಅದು ಕ್ಷಯದ ಜಾತಿಗೆ ಸೇರಿದ ಬೇರೆ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ನೀರಿನಲ್ಲಿ, ಸರಿಯಾಗಿ ಶುದ್ಧವಾಗದ ಉಪಕರಣಗಳಲ್ಲಿ ಅದು ಬದುಕಿರುತ್ತದೆ. ಅದನ್ನು ಹುಡುಕುವ ಎ.ಎಫ್.ಬಿ. ಅನ್ನುವ ಪರೀಕ್ಷೆಯೇ ಬೇರೆ, ತಿಂಗಳುಗಟ್ಟಲೆಯ ಔಷಧಿಯೇ ಬೇರೆ. "ಎ.ಎಫ್.ಬಿ. ಕಲ್ಚರ್ ಕಳಿಸ್ತೀರಾ ಡಾಕ್ಟ್ರೇ?" ಅನ್ನುವ ಒಂದು ಪ್ರಶ್ನೆ ಎಷ್ಟೋ ತಿಂಗಳ ಅಲೆದಾಟ ಉಳಿಸುತ್ತದೆ.

ಇಷ್ಟು ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬಳ್ಳಾರಿಯ ಮೆಡಿಕಲ್ ಕಾಲೇಜು (ನಮ್ಮ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವುದು), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಜೇರಿಯನ್ನೂ ಉಚಿತ, ಹೆರಿಗೆಯ ನಂತರ ಬರುವ ತೊಂದರೆಯ ಚಿಕಿತ್ಸೆಯೂ ಉಚಿತ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡನ್ನೂ ತಗೊಂಡು ಹೋಗಿ.

ಹೆಜ್ಜೆ 3: ಗಾಯವನ್ನು ಸ್ವಚ್ಛ ಮಾಡಿಸಿ, ಮರುಹೊಲಿಗೆ ಬಗ್ಗೆ ಕೇಳಿ

ಕೀವಿದ್ದರೆ ಡಾಕ್ಟರು ಒಂದೆರಡು ಹೊಲಿಗೆ ಬಿಚ್ಚಿ ಗಾಯವನ್ನು ತೆರೆಯುತ್ತಾರೆ. ನೋಡಿದವರಿಗೆ ಎದೆ ಝಲ್ ಅನ್ನುತ್ತದೆ, "ಇದ್ದದ್ದನ್ನೂ ಕೆಡಿಸಿದರು" ಅನಿಸುತ್ತದೆ. ಹಾಗಲ್ಲ. ಕೀವು ಹೊರಗೆ ಬರದೆ ಯಾವ ಗಾಯವೂ ಮಾಯುವುದಿಲ್ಲ. ಹಳದಿ, ಬೂದು ಬಣ್ಣದ ಸತ್ತ ಪದರ ತೆಗೆದು, ಸಲೈನ್‌ನಿಂದ ತೊಳೆದು, ಒದ್ದೆ ಗಾಜ್ (ತೆಳು ಜಾಳು ಬಟ್ಟೆ) ತುಂಬಿ ದಿನಾ ಬದಲಿಸುತ್ತಾರೆ. ಕೆಲವು ದಿನದಲ್ಲಿ ತಳ ಕೆಂಪಗೆ, ಹರಳು ಹರಳಾಗಿ, ಮುಟ್ಟಿದರೆ ಸ್ವಲ್ಪ ರಕ್ತ ಬರುವಂತೆ ಆಗುತ್ತದೆ. ಹೊಸ ಮಾಂಸ ಬರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಗಾಯ ಹದಕ್ಕೆ ಬಂತು ಅಂತ ಅರ್ಥ.

ಇಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: "ಮತ್ತೆ ಹೊಲಿಗೆ ಹಾಕಲು ಬರುತ್ತಾ?" ಸೋಂಕು ಹೋಗಿ ತಳ ಕೆಂಪಾದ ಮೇಲೆ ಎರಡನೇ ಸಲ ಹೊಲಿದರೆ ಗಾಯ ತೆರೆದಿಟ್ಟು ಮಾಯಿಸುವುದಕ್ಕಿಂತ ಎಷ್ಟೋ ಬೇಗ ಕೂಡಿಕೊಳ್ಳುತ್ತದೆ. ಡ್ರೆಸ್ಸಿಂಗ್‌ಗೆ ವಾರಗಟ್ಟಲೆ ಓಡಾಡುವುದೂ ತಪ್ಪುತ್ತದೆ. ಮರುಹೊಲಿಗೆ ಆಗುವಂತಿದ್ದರೆ ಹಾಳೆಗಿಂತ ಅದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಅಂಚುಗಳು ದೂರ ಸರಿದಿದ್ದರೆ, ಚರ್ಮ ಹೊಲಿಗೆ ತಾಳದಂತಿದ್ದರೆ, ಅಥವಾ ಮೇಲ್ಪದರ ಮಾತ್ರ ಹೋಗಿ ಅಗಲವಾದ ಹಸಿ ಗಾಯ ಉಳಿದಿದ್ದರೆ ಆಗ ಜೈವಿಕ ಡ್ರೆಸ್ಸಿಂಗ್‌ನ ಸರದಿ. ಆಳವಾಗಿ ಬಾಯಿ ಬಿಟ್ಟ ಗಾಯಕ್ಕೆ ಒಳಗಿನ ನೀರು ಹೀರುವ ವ್ಯಾಕ್ಯೂಮ್ ಯಂತ್ರ ಕಟ್ಟುವುದೂ ಉಂಟು.

ಹೆಜ್ಜೆ 4: ಯಾವ ಡ್ರೆಸ್ಸಿಂಗ್?

ಜೀವಿಯಿಂದ ಬಂದ ವಸ್ತುವಿನಿಂದ ಮಾಡಿದ್ದು ಜೈವಿಕ ಡ್ರೆಸ್ಸಿಂಗ್. ನಮ್ಮಲ್ಲಿ ಸುಲಭವಾಗಿ ಸಿಗುವುದು ಕೊಲಾಜನ್. ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್ ಇದು. ದನ, ಹಂದಿ ಅಥವಾ ಮೀನಿನ ಚರ್ಮ ಮುಂತಾದವುಗಳಿಂದ ತೆಗೆದು ಶುದ್ಧ ಮಾಡಿರುತ್ತಾರೆ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಈ ಬಗ್ಗೆ ದಶಕಗಳಿಂದ ಕೆಲಸ ನಡೆದಿದೆ. ಗಾಯದ ಮೇಲೆ ಹೊದಿಸಿದಾಗ ಹೊಸ ಜೀವಕೋಶಗಳು ಇದರ ಎಳೆಗಳನ್ನು ಹಿಡಿದು ಹಬ್ಬುತ್ತವೆ, ಗಾಯದ ಹಸಿ ಆರುವುದಿಲ್ಲ, ಪಟ್ಟಿ ಕಿತ್ತುವ ನೋವೂ ಕಡಿಮೆ. ಅಗಲವಾದ ಮೇಲ್ಮೈ ಗಾಯಕ್ಕೆ ಹಾಳೆ, ಗುಳಿಯಂತಿರುವ ಗಾಯಕ್ಕೆ ಪುಡಿ ಅಥವಾ ಹರಳಿನ ರೂಪದ್ದು.

ಎರಡನೆಯದು ಆಮ್ನಿಯನ್ ಪೊರೆ, ಅಂದರೆ ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ತೆಳು ಪೊರೆ. ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇಲ್ಲ ಅಂತ ಪರೀಕ್ಷಿಸಿ, ಹೆಚ್ಚಾಗಿ ಸಿಜೇರಿಯನ್ ಹೆರಿಗೆಯ ಮಾಸಿನಿಂದಲೇ ಇದನ್ನು ಬಿಡಿಸುತ್ತಾರೆ. ಚರ್ಮದ ಚಿಕಿತ್ಸೆಗೆ ಇದನ್ನು ಮೊದಲು ಬಳಸಿದ್ದು 1910ರಲ್ಲಿ, ಅಮೆರಿಕದಲ್ಲಿ. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಲ್ಲಿ ಶುರುವಾಯಿತು. ಅಲ್ಲಿ ಪೊರೆಯನ್ನು ಒಣಗಿಸಿ, ಗಾಮಾ ಕಿರಣ ಹಾಯಿಸಿ ಕ್ರಿಮಿಮುಕ್ತ ಮಾಡುತ್ತಾರೆ. ಹೆರಿಗೆಯಾದ ಮನೆಯವರು ಯಾರೂ ತಮ್ಮ ಮಾಸಿನ ಪೊರೆಯನ್ನು ಹಾಗೇ ಗಾಯಕ್ಕೆ ಹಾಕಿಸುವ ಯೋಚನೆ ಮಾಡಬಾರದು. ಬ್ಯಾಂಕಿನ ಪರೀಕ್ಷೆ, ಕಿರಣ ಎರಡೂ ಇಲ್ಲದ ಪೊರೆ ಸೋಂಕಿನ ದಾರಿ.

ಮೂರನೆಯದು ಜೇನು. ಸೊಲ್ಲಾಪುರದ ವೈದ್ಯರೊಬ್ಬರು ಸುಟ್ಟಗಾಯಕ್ಕೆ ಜೇನು ಬಳಸಿ ನಡೆಸಿದ ಅಧ್ಯಯನ 1991ರಲ್ಲೇ ಪ್ರಕಟವಾಗಿತ್ತು. ಆದರೆ ಗಾಯಕ್ಕೆ ಬೇಕಾದದ್ದು ಕಿರಣ ಹಾಯಿಸಿ ಶುದ್ಧ ಮಾಡಿದ ವೈದ್ಯಕೀಯ ಜೇನು. ಸಂಡೂರಿನ ಕಾಡಿನ ಜೇನು ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿ ಬಾಟುಲಿಸಂ ರೋಗದ ಬೀಜಾಣು ಇರಬಹುದು. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಅದು ಹೋದರೆ ಜೀವಕ್ಕೇ ಅಪಾಯ. ತಾಯಿಯ ಗಾಯಕ್ಕೆ ಹಚ್ಚಿದ್ದು ಕೈಗೆ, ಕೈಯಿಂದ ಮೊಲೆಗೆ, ಅಲ್ಲಿಂದ ಮಗುವಿಗೆ. ಅದಕ್ಕೇ ಮನೆಯ ಜೇನು ಬೇಡ. ನೀರು ತುಂಬಾ ಜಿನುಗುವ ಗಾಯಕ್ಕೆ ಕಡಲ ಪಾಚಿಯಿಂದ ಮಾಡಿದ ಆಲ್ಜಿನೇಟ್ ಪಟ್ಟಿಯೂ ಇದೆ. ಅದು ನೀರು ಹೀರಿ ಮೆತ್ತಗಾಗುತ್ತದೆ.

ಈ ಡ್ರೆಸ್ಸಿಂಗ್‌ಗಳ ಮೇಲಿನ ಅಧ್ಯಯನ ಹೆಚ್ಚಾಗಿ ಸುಟ್ಟಗಾಯ, ಶುಗರ್ ಇದ್ದವರ ಕಾಲಿನ ಹುಣ್ಣಿನ ಮೇಲೆ ನಡೆದಿದೆ. ಸಿಜೇರಿಯನ್ ಗಾಯದ ಮೇಲೆ ನಡೆದದ್ದು ಕಡಿಮೆ. ಹಾಗಾಗಿ "ಇದು ಹಾಕಿದರೆ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಮೂಲಿ ಹೆರಿಗೆಯಲ್ಲಿ ಯೋನಿಯ ಹತ್ತಿರ ಹಾಕಿದ ಹೊಲಿಗೆಗಂತೂ ಹಾಳೆ ಬೇಕಾಗಿಲ್ಲ. ಅದಕ್ಕೆ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಒಣಗಿಸಿಕೊಳ್ಳುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಸಾಕು.

ಹಾಕಿಸುವ ಮುಂಚೆ ಕೇಳಬೇಕಾದ್ದು ಎರಡು. ಒಂದು, ಇದು ಯಾವ ಪ್ರಾಣಿಯದ್ದು? ನಿಮ್ಮ ಮನೆಯ ನಡವಳಿಕೆಗೆ ದನದ್ದು ಅಥವಾ ಹಂದಿಯದ್ದು ಆಗಿಬರದಿದ್ದರೆ ಮುಜುಗರ ಇಲ್ಲದೆ ಹೇಳಿ, ಮೀನಿನದ್ದೂ ಸಿಗುತ್ತದೆ. ಮೀನು ತಿಂದರೆ ಮೈಯೆಲ್ಲ ದದ್ದು ಏಳುವವರು ಮೀನಿನದ್ದು ಬೇಡ ಅನ್ನಬೇಕು. ಎರಡು, ಒಟ್ಟು ಎಷ್ಟು ಸಲ ಹಾಕಬೇಕು? ಒಂದು ಹಾಳೆಯ ಬೆಲೆ ಕೇಳಿ ಸುಮ್ಮನಾಗಬೇಡಿ, ಪೂರ್ತಿ ಖರ್ಚು ಕೇಳಿ. ಪೊಟ್ಟಣದ ಮೇಲಿನ ಅವಧಿ ದಿನಾಂಕ ನೋಡಿ. ತೂತಾದ, ಸೀಲ್ ಬಿಟ್ಟ ಪೊಟ್ಟಣ ಬೇಡವೇ ಬೇಡ.

ಹೆಜ್ಜೆ 5: ಡ್ರೆಸ್ಸಿಂಗ್ ರೂಮಿನಲ್ಲಿ ಏನು ನಡೆಯಬೇಕು

ಹಾಳೆ ಹಾಕುವ ಕೆಲಸ ತರಬೇತಾದ ಸಿಸ್ಟರ್ ಅಥವಾ ಡಾಕ್ಟರದ್ದು. ನೀವು ನೋಡಿ ತಿಳಿದಿದ್ದರೆ ತಪ್ಪಾದಾಗ ಕೇಳಬಹುದು.

ಕೈ ತೊಳೆದು ಗ್ಲೌಸ್ ಹಾಕಿಕೊಂಡು ಹಳೆಯ ಪಟ್ಟಿಯನ್ನು ಸಲೈನ್‌ನಿಂದ ನೆನೆಸಿ ನಿಧಾನಕ್ಕೆ ಬಿಡಿಸಬೇಕು. ಒಣ ಪಟ್ಟಿ ಕಿತ್ತರೆ ಹೊಸ ಮಾಂಸವೂ ಕಿತ್ತು ಬರುತ್ತದೆ. ಗಾಯವನ್ನು ಸಲೈನ್‌ನಿಂದ ತೊಳೆದು, ಸುತ್ತಲಿನ ಚರ್ಮವನ್ನು ಮಾತ್ರ ಒತ್ತಿ ಒಣಗಿಸಬೇಕು. ಗಾಯದ ತಳ ಹಸಿಯಾಗಿಯೇ ಇರಲಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿ ತೊಳೆಯುವುದು ಈ ಹಂತದಲ್ಲಿ ಬೇಡ. ಅದು ಎಳೆಯ ಜೀವಕೋಶಗಳನ್ನೂ ಸುಡುತ್ತದೆ. ಕಂದು ಬಣ್ಣದ ಅಯೋಡಿನ್ ದ್ರಾವಣವನ್ನು ದೊಡ್ಡ ತೆರೆದ ಗಾಯಕ್ಕೆ ದಿನಗಟ್ಟಲೆ ಬಳಸಿದರೆ ಅಯೋಡಿನ್ ಎದೆಹಾಲಿಗೆ ಸೇರಿ ಮಗುವಿನ ಥೈರಾಯ್ಡ್‌ಗೆ ತೊಂದರೆ ಕೊಡಬಹುದು. ಹಾಲು ಕುಡಿಸುತ್ತಿದ್ದೇನೆ ಅಂತ ಪ್ರತಿ ಸಲವೂ ಹೇಳಿ.

ಒದ್ದೆ ಹಾಳೆಯ ಪೊಟ್ಟಣ ತೆರೆದರೆ ಸ್ಪಿರಿಟ್ ವಾಸನೆ ಬರುತ್ತದೆ. ಹಾಳೆ ಕೆಡದಂತೆ ಆಲ್ಕೋಹಾಲ್ ಇರುವ ದ್ರವದಲ್ಲಿ ಇಟ್ಟಿರುತ್ತಾರೆ. ಅದನ್ನು ಸಲೈನ್‌ನಲ್ಲಿ ಚೆನ್ನಾಗಿ ಅದ್ದಿ ತೊಳೆದೇ ಹಾಕಬೇಕು, ಇಲ್ಲದಿದ್ದರೆ ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಗಾಯದ ಅಂಚಿಗಿಂತ ಸ್ವಲ್ಪ ಹೊರಗೆ ಬರುವಂತೆ ಕತ್ತರಿಸಿ, ಒಂದು ಕಡೆಯಿಂದ ಹಾಸುತ್ತಾ ಅಡಿಯ ಗಾಳಿಗುಳ್ಳೆಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಹೊರಗೆ ತಳ್ಳುತ್ತಾರೆ. ನೀರು ಜಿನುಗುವ ಗಾಯವಾದರೆ ಹಾಳೆಗೆ ಸಣ್ಣ ತೂತು ಮಾಡಬೇಕು. ಮೇಲೆ ಅಂಟದ ಜಿಡ್ಡಿನ ಗಾಜ್, ಅದರ ಮೇಲೆ ಪ್ಯಾಡ್, ಕೊನೆಗೆ ಟೇಪ್.

ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಾಳೆಯನ್ನು ಎತ್ತಿ ನೋಡುವುದಿಲ್ಲ, ಮೇಲಿನ ಪ್ಯಾಡ್ ಮಾತ್ರ ಬದಲಿಸುತ್ತಾರೆ. ಈ ನಡುವೆ ಕೊಲಾಜನ್ ಕರಗಿ ಗಾಯದ ನೀರಿನ ಜೊತೆ ಸೇರಿ ಹಳದಿ ಲೋಳೆಯಂತಾಗುತ್ತದೆ. ಮನೆಯವರು ಹೆದರುವುದು ಇಲ್ಲೇ. ಕುಷ್ಟಗಿ ಕಡೆಯ ಅತ್ತೆಯೊಬ್ಬರು ಸೊಸೆಯ ಪಟ್ಟಿ ನೋಡಿ "ಸಿಸ್ಟರ್, ಕೀವು ಮತ್ತ ತುಂಬೇತಲ್ರೀ" ಅಂತ ಗಾಬರಿಯಾಗಿದ್ದರು. ಸಿಸ್ಟರ್ ಆ ಪ್ಯಾಡನ್ನೇ ಅವರ ಮುಂದೆ ಹಿಡಿದು "ಯವ್ವಾ, ಮೂಸಿ ನೋಡ್ರಿ, ವಾಸನಿ ಬರ್ತೈತೇನು?" ಅಂದರು. ಬರುತ್ತಿರಲಿಲ್ಲ. ಸೊಸೆಗೆ ನೋವು ಹೆಚ್ಚಾಗಿರಲಿಲ್ಲ, ಸುತ್ತಲಿನ ಚರ್ಮ ಕೆಂಪಾಗಿರಲಿಲ್ಲ, ಜ್ವರ ಇರಲಿಲ್ಲ. ಈ ನಾಲ್ಕನ್ನು ನೋಡಿದರೆ ಲೋಳೆ ಯಾವುದು, ಕೀವು ಯಾವುದು ಅಂತ ಮನೆಯಲ್ಲೇ ಗೊತ್ತಾಗುತ್ತದೆ. ನಾಲ್ಕರಲ್ಲಿ ಒಂದಿದ್ದರೂ ತೋರಿಸಿಕೊಳ್ಳಿ.

ಅಂಚಿನಲ್ಲಿ ಒಣಗಿ ಎದ್ದ ಹಾಳೆಯನ್ನು ಎಳೆಯಬೇಡಿ. ಕೆಳಗೆ ಹೊಸ ಚರ್ಮ ಬಂದಷ್ಟೂ ಅದು ತಾನೇ ಬಿಡುತ್ತದೆ.

ಹೆಜ್ಜೆ 6: ಬಾಣಂತನದ ಮನೆಯಲ್ಲಿ

ಹೊಟ್ಟೆ ಬಿಗಿಯಾಗಿ ಕಟ್ಟುವುದು, ಮಂಚದ ಕೆಳಗೆ ಕೆಂಡ, ಎಣ್ಣೆ ಸುರಿದು ಸುಡುನೀರು ಹೊಯ್ಯುವುದು: ಗಾಯ ಮಾಯುವವರೆಗೆ ಇವನ್ನು ಮುಂದಕ್ಕೆ ಹಾಕಿ. ಹಿರಿಯರ ಅಕ್ಕರೆಯನ್ನು ಯಾರೂ ತಳ್ಳಿಹಾಕುತ್ತಿಲ್ಲ. ಆದರೆ ಬೆವರು, ಎಣ್ಣೆ, ಹೊಗೆ ಮೂರೂ ಹಾಳೆಯನ್ನು ಕಿತ್ತುಹಾಕುತ್ತವೆ. ಮೈ ಒರೆಸಿಕೊಳ್ಳಲಿ, ಪಟ್ಟಿ ಒದ್ದೆಯಾಗದಂತೆ ಸ್ನಾನ ಮಾಡಲಿ. ಹೊಟ್ಟೆಯ ಮಡಿಕೆಯಲ್ಲಿ ಒಣ ಹತ್ತಿ ಬಟ್ಟೆ ಇಟ್ಟು ತೇವವಾದಾಗಲೆಲ್ಲ ಬದಲಿಸಿ. ಅರಿಶಿನ, ವಿಭೂತಿ, ಕಾಫಿಪುಡಿ ಯಾವುದೂ ಬೇಡ.

ಮಗುವನ್ನು ಕಂಕುಳ ಪಕ್ಕಕ್ಕೆ ಹಿಡಿದು, ಇಲ್ಲವೇ ಒಂದು ಮಗ್ಗುಲಿಗೆ ಮಲಗಿ ಹಾಲು ಕುಡಿಸಿದರೆ ಹೊಲಿಗೆ ಮೇಲೆ ಭಾರ ಬೀಳುವುದಿಲ್ಲ. ಗಾಯಕ್ಕೆ ಕೊಡುವ ಹೆಚ್ಚಿನ ಆ್ಯಂಟಿಬಯಾಟಿಕ್‌ಗಳನ್ನು ತಗೊಳ್ಳುತ್ತಲೇ ಹಾಲು ಕುಡಿಸಬಹುದು. ಸುಮ್ನೆ ಹಾಲು ಬಿಡಿಸಬೇಡಿ. ಕೆಮ್ಮುವಾಗ, ಏಳುವಾಗ ದಿಂಬು ಒತ್ತಿ ಹಿಡಿಯಿರಿ. ನೀರಿನ ಕೊಡ ಎತ್ತುವುದು ಆರು ವಾರ ಬೇಡ.

ಊಟದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ನಂಜು ಅಂತ ಬೇಳೆ, ತರಕಾರಿ, ಮೊಟ್ಟೆ, ನೀರು ಎಲ್ಲ ಬಿಡಿಸಿ ಬರೀ ಅನ್ನ, ಬೆಳ್ಳುಳ್ಳಿ ಖಾರ ಕೊಟ್ಟರೆ ಹೊಸ ಮಾಂಸ ಎಲ್ಲಿಂದ ಬರಬೇಕು? ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ, 17 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಅದೂ ಗಾಯ ಇಲ್ಲದವರ ಲೆಕ್ಕ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಸಿಗುತ್ತದೆ. ಸಜ್ಜೆ ರೊಟ್ಟಿ, ತೊಗರಿಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಳವಿ ಪಾಯಸ, ಜೊತೆಗೆ ನಿಂಬೆಹಣ್ಣು ಅಥವಾ ಪೇರಲ. ನಮ್ಮ ಅಡುಗೆಮನೆಯಲ್ಲೇ ಬೇಕಾದ್ದೆಲ್ಲ ಇದೆ. ಕಬ್ಬಿಣದ ಮಾತ್ರೆ ಹೆರಿಗೆ ಆದ ಮೇಲೂ 180 ದಿನ ತಗೊಳ್ಳಬೇಕು. ಚಹಾ ಜೊತೆ ಮಾತ್ರ ಬೇಡ.

ಹೆಜ್ಜೆ 7: ಅಳೆಯಿರಿ, ಬರೆದಿಡಿ

ವಾರಕ್ಕೊಮ್ಮೆ ಪಟ್ಟಿ ಬಿಚ್ಚಿದಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು, ಗಾಯಕ್ಕೆ ಮುಟ್ಟಿಸದೆ, ಅದೇ ಬೆಳಕಿನಲ್ಲಿ ಮೊಬೈಲ್ ಫೋಟೋ ತೆಗೆಯಿರಿ. ಉದ್ದ, ಅಗಲ ಬರೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಫೋಟೋದಲ್ಲಿ ತಿಳಿಯುತ್ತದೆ. ಎರಡು ವಾರ ಹಾಳೆ ಹಾಕಿದರೂ ಅಳತೆ ಇಳಿಯದಿದ್ದರೆ ಇನ್ನೊಂದು ಹಾಳೆ ಕೊಳ್ಳಬೇಡಿ. ಎರಡನೇ ಹೆಜ್ಜೆಗೆ ವಾಪಸ್ ಹೋಗಿ, ಕಾರಣ ಹುಡುಕಿಸಿ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುತ್ತಾರೆ. ಮಗುವನ್ನು ತೂಗಿ ಹೋಗುವಾಗ "ಅಕ್ಕಾ, ನನ್ನ ಗಾಯನೂ ನೋಡಿ" ಅಂತ ಕರೆದು ತೋರಿಸಿ. ಬಾಣಂತಿಯರು ನಾಚಿಕೆಯಿಂದ ಮುಚ್ಚಿಕೊಳ್ಳುವುದೇ ಜಾಸ್ತಿ.

ಗಾಯ ಮುಚ್ಚಿದ ಮೇಲೂ ಕೆಮ್ಮಿದಾಗ ಆ ಜಾಗ ಉಬ್ಬಿದರೆ ಹರ್ನಿಯಾ (ಒಳಪದರ ಸಡಿಲವಾಗಿ ಒಳಗಿನದು ಮುಂದೆ ಬರುವುದು) ಇರಬಹುದು, ಸರ್ಜನ್‌ಗೆ ತೋರಿಸಿ. ತಿಂಗಳ ಮುಟ್ಟಿನ ಸಮಯಕ್ಕೇ ಹೊಲಿಗೆಯಲ್ಲಿ ಗಂಟು ಕಟ್ಟಿ ನೋಯುತ್ತಿದ್ದರೆ ಹೆರಿಗೆ ಡಾಕ್ಟರನ್ನು ಕಾಣಿ. ಡಿಸ್ಚಾರ್ಜ್ ಚೀಟಿ, ಕಲ್ಚರ್ ವರದಿ, ಹಾಳೆಯ ಪೊಟ್ಟಣದ ಲೇಬಲ್ ಮೂರನ್ನೂ ತಾಯಿ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಡಿ. ಮುಂದಿನ ಸಲ ಬಸುರಿಯಾದಾಗ ಮೊದಲ ತಪಾಸಣೆಗೇ ಅದನ್ನು ತಗೊಂಡು ಹೋಗಿ. ಹಿಂದಿನ ಗಾಯ ಯಾಕೆ ತಡವಾಯಿತು ಅಂತ ಗೊತ್ತಿದ್ದರೆ ರಕ್ತ, ಸಕ್ಕರೆ ಎರಡನ್ನೂ ಹೆರಿಗೆಗೆ ಮುಂಚೆಯೇ ಸರಿಮಾಡಲು ಡಾಕ್ಟರಿಗೆ ತಿಂಗಳುಗಳ ಸಮಯ ಸಿಗುತ್ತದೆ.